ನಮ್ಮ ಕಾರಿನಾಗ ಹೀಟರ್ ಐತ್ರಿ!

ವಿದ್ಯೆ ಒಂದಿದ್ದರೆ ಸಾಕು, ಜಗತ್ತಿನ ಯಾವ ಯಂತ್ರವೂ ಮನುಷ್ಯನ ಮಾತು ಕೇಳುತ್ತದೆ ಎಂದು ನಾನು ದೃಢವಾಗಿ ನಂಬಿದ್ದ ಕಾಲವೊಂದಿತ್ತು. ಎಂಬತ್ತರ ದಶಕದ ಮಾತು. ಆಗ ನಾನು ನಿಪ್ಪಾಣಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರ. ‘ಉಷ್ಣ’ ಎಂಬ ಪಾಠವನ್ನು ಹದಿನೇಳು ವರ್ಷ ಕಲಿಸಿದವನಿಗೆ ಒಂದು ಹಳೇ ಕಾರು ಯಾವ ಲೆಕ್ಕ!

ಆ ಕಾರನ್ನು ತಂಬಾಕಿನ ವ್ಯಾಪಾರಿಯೊಬ್ಬರಿಂದ ಕೊಂಡಿದ್ದೆ. ಅವರು ಅದನ್ನು ಊಟಿಯ ಕಡೆಯಿಂದ ತಂದಿದ್ದರು. ಹಾಗಾಗಿ ಊರಲ್ಲಿ ಯಾರ ಬಳಿಯೂ ಇಲ್ಲದ ವಸ್ತುವೊಂದು ಅದರಲ್ಲಿತ್ತು. ಹೀಟರ್! ಇಂಜಿನ್ನಿನ ಬಿಸಿನೀರು ನಳಿಗೆಯಲ್ಲಿ ಒಳಗೆ ಬಂದು, ಕೂತವರ ಕಾಲಿಗೆ ಬಿಸಿಗಾಳಿ ಊದುವ ವ್ಯವಸ್ಥೆ.

ಆ ಚಳಿಗಾಲ ಮಗಳು ಸುಮಾ ಬಾಣಂತನಕ್ಕೆ ನಮ್ಮಲ್ಲಿದ್ದಳು. ಕೂಸಿಗೆ ಐದನೇ ತಿಂಗಳು. ಇಬ್ಬರನ್ನೂ ಉಗಾರ ಖುರ್ದದ ಗಂಡನ ಮನೆಗೆ ಕಳಿಸಬೇಕು. ಕೂಸನ್ನು ನೋಡಲು ಬಂದ ಬೀಗತಿ ಮಾತ್ರ ತಲೆಯಾಡಿಸಿದರು.

“ಈ ಥಂಡ್ಯಾಗ ಬ್ಯಾಡ್ರಿ ಬೀಗರ. ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಗತೈತಿ. ಆಮ್ಯಾಲ ಕಳಸ್ರಿ.”

ಸುಮಾಳ ಮುಖ ಬಾಡಿತು. ಗಂಡನನ್ನು ಬಿಟ್ಟು ಆಗಲೇ ಏಳು ತಿಂಗಳಾಗಿತ್ತು, ಪಾಪ. ನನಗೆ ತಡೆಯಲಾಗಲಿಲ್ಲ. ಎದೆಯುಬ್ಬಿಸಿ ಘೋಷಿಸಿದೆ:

“ನಮ್ಮ ಕಾರಿನಾಗ ಹೀಟರ್ ಐತ್ರಿ!”

ಬೀಗತಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. “ಆತು ಹಂಗಾರ. ಬುಧವಾರ ಹತ್ತರೊಳಗ ಕೂಸು ಹೊಸ್ತಿಲಾ ದಾಟ್ಲಿ. ಆದ್ರ ಬೆಚ್ಚಗ ಬರ್ಬೇಕು ನೋಡ್ರಿ. ಅಂಗಾಲು ಮುಟ್ಟಿ ನೋಡಾಕಿ ನಾ!”

ಮರುದಿನ ಬೆಳಿಗ್ಗೆ ಹೆಂಡತಿ ಇಂದೂಳನ್ನು ಕೂರಿಸಿಕೊಂಡು ಅಕ್ಕೋಳದವರೆಗೆ ಪರೀಕ್ಷಾರ್ಥ ಸವಾರಿ ಹೊರಟೆ. ಹೀಟರಿನ ಗುಂಡಿ ಒತ್ತಿದೆ. ಗೊರ್ ಅಂತ ಸದ್ದು ಬಂತು. ಗಾಳಿಯೂ ಬಂತು.

“ಇದ ಏನ್ರಿ ನಿಮ್ಮ ಹೀಟರ್? ನಮ್ಮ ಎಮ್ಮಿ ಉಸರ ಇದಕ್ಕಿಂತ ಬಿಸಿ ಇರತೈತಿ!”

“ಇಂಜಿನ್ ಇನ್ನಾ ಕಾಯ್ಬೇಕ, ಸುಮ್ಕಿರ.”

ಅಕ್ಕೋಳ ಬಂತು, ಹೋಯಿತು. ಇಂದೂ ಎರಡೂ ಕಾಲನ್ನು ಮಡಚಿ ಸೀರೆಯೊಳಗೆ ಎಳೆದುಕೊಂಡಳು.

ಮೆಕ್ಯಾನಿಕ್ ದಸ್ತಗೀರನ ಬಳಿ ಹೋದೆ. ಕಾರು ಒಯ್ಯಲಿಲ್ಲ. ರೋಗವನ್ನು ನಾನೇ ಬಾಯಲ್ಲಿ ವಿವರಿಸಬಲ್ಲೆನಲ್ಲ!

“ಗಾಡಿ ತರ್ರಿ ಮಾಸ್ತರ, ಬಾನೆಟ್ ತಗದು ನೋಡೂಣು,” ಎಂದ.

“ನೀ ಬರೇ ಉಪಾಯ ಹೇಳೋ.”

“ಏನಿಲ್ರಿ, ಇಂಜಿನ್ ಬಿಸಿ ಹಿಡಿಯೂ ಥರ್ಮೋಸ್ಟಾಟ್ ನಾನ ತಗದು ಒಗದೇನಿ. ನಮ್ಮ ಬಿಸಲಾಗ ಅದನ್ನ ಇಟ್ರ ಗಾಡಿ ಕುದೀತಾವ್ರಿ, ಅದಕ್ಕ ಎಲ್ಲಾ ಗಾಡಿದೂ ತಗೀತೇನಿ. ಹೊಸಾದು ಕೊಲ್ಹಾಪುರದಿಂದ ಬರಾಕ ಎಂಟ ದಿನ. ಅಲ್ಲೀತನಕ ರೇಡಿಯೇಟರ್ ಮುಂದ ಒಂದ ರಟ್ಟು ಕಟ್ರಿ. ಅರ್ಧಕ್ಕ ಅಷ್ಟ, ತಿಳೀತಿಲ್ಲೋ? ಅರ್ಧಕ್ಕ!”

ಬುಧವಾರ ಬೆಳಕು ಹರಿಯುವ ಮೊದಲೇ ಎದ್ದು ಅಂಗಳಕ್ಕೆ ಬಂದೆ. ಉಸಿರು ಹೊಗೆಯಾಗುವಂಥ ಚಳಿ. ಅರ್ಧ ಮುಚ್ಚಿದರೆ ಅರ್ಧ ಬಿಸಿ. ಪೂರ್ತಿ ಮುಚ್ಚಿದರೆ? ಉತ್ತರ ಸರಳವಾಗಿತ್ತು. ದಸ್ತಗೀರ ಶಾಲೆ ಕಲಿತವನಲ್ಲ ಎಂದು ಕನಿಕರಪಟ್ಟೆ. ರಟ್ಟು ಸಣ್ಣದಾಯಿತು. ಕತ್ತಲಲ್ಲಿ ಪಡಸಾಲೆಯಲ್ಲಿ ಕೈಯಾಡಿಸಿದಾಗ ಏನೋ ದಪ್ಪನೆಯದು ಸಿಕ್ಕಿತು. ಅದನ್ನು ನಾಲ್ಕು ಮಡಿಕೆ ಮಾಡಿ ರೇಡಿಯೇಟರ್ ಮುಂದೆ ಬಿಗಿದು ಕಟ್ಟಿದೆ.

ಹೊರಡುವ ಹೊತ್ತಿಗೆ ಮನೆಯಲ್ಲಿ ಗದ್ದಲವೆದ್ದಿತು.

“ಕೌದಿ ಎಲ್ಲಿ ಹೋತ್ರಿ? ಸುಮಾಗ, ಕೂಸಿಗೆ ಹೊದಿಸಾಕಂತ ಇಲ್ಲೇ ಇಟ್ಟಿದ್ದೆ!” ಇಂದೂ ಟ್ರಂಕುಗಳನ್ನೆಲ್ಲ ಬುಡಮೇಲು ಮಾಡಿದಳು. ಹಳೇ ಇಲಕಲ್ ಸೀರೆಗಳನ್ನು ಒಂದರ ಮೇಲೊಂದು ಹಾಕಿ ಆರು ತಿಂಗಳು ಹೊಲಿದ ಕೌದಿ ಅದು.

ಕತ್ತಲಲ್ಲಿ ಕೈಗೆ ಸಿಕ್ಕಿದ್ದು ಏನೆಂದು ನನಗೆ ಆಗ ತಿಳಿಯಿತು. ಈಗ ಬಿಚ್ಚಿದರೆ ಮಾನ ಹೋಗುತ್ತದೆ.

“ಹೀಟರ್ ಇರುವಾಗ ಕೌದಿ ಯಾತಕ್ಕ? ನಡೀರಿ, ಹೊತ್ತಾತು!” ಎಂದು ಗದರಿದೆ.

ಚಿಕ್ಕೋಡಿ ದಾಟುವಷ್ಟರಲ್ಲಿ ಬಾನೆಟ್ಟಿನಿಂದ ಹೊಗೆ. ಆಮೇಲೆ ಬುಸ್ ಅಂತ ಹಬೆ! ಕಾರನ್ನು ರಸ್ತೆಬದಿಗೆ ನಿಲ್ಲಿಸಿದೆ. ಇಂಜಿನ್ ಅಕ್ಷರಶಃ ಕುದಿಯುತ್ತಿತ್ತು. ಕಾರಿನ ಒಳಗೆ ಮಾತ್ರ ಕೂಸಿನ ಮೂಗು ಕೆಂಪಾಗಿತ್ತು. ಬಿಸಿ ಎಲ್ಲ ಹೊರಗೆ, ಥಂಡಿ ಎಲ್ಲ ಒಳಗೆ!

“ಅಪ್ಪಾ, ಕೂಸು ನಡಗಾಕತ್ತೈತಿ,” ಎಂದಳು ಸುಮಾ. ಅವಳ ಕಣ್ಣಲ್ಲಿ ನೀರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹಿಂದೆ ಬರುತ್ತಿದ್ದ ಕಬ್ಬಿನ ಟ್ರ್ಯಾಕ್ಟರ್ ನಿಂತಿತು. ಮೀಸೆಯ ಚಾಲಕ ಇಳಿದು ನಮಸ್ಕಾರ ಮಾಡಿದ.

“ಗುರ್ತ ಸಿಗ್ಲಿಲ್ಲೇನ್ರಿ ಸರ್? ನಾ ಬಾಳ್ಯಾ. ಉಷ್ಣದ ಪಾಠದಾಗ ನನ್ನ ಎರಡ ಸಲ ನಾಪಾಸ್ ಮಾಡಿದ್ರಿ.”

ಆ ಬಾಳ್ಯಾ ಬಾನೆಟ್ ಎತ್ತಿದ. ಮೊದಲು ಹೊರಗೆ ಬಂದದ್ದು ಕೌದಿ! ಇಂದೂ ನನ್ನತ್ತ ನೋಡಿದ ನೋಟಕ್ಕೆ ಇನ್ನೊಂದು ರೇಡಿಯೇಟರ್ ಕುದಿಯುತ್ತಿತ್ತು. ಅದನ್ನು ಕಸಿದುಕೊಂಡು, ಧೂಳು ಕೊಡವಿ, ಮಗಳಿಗೂ ಕೂಸಿಗೂ ಸುತ್ತಿದಳು. ಕೌದಿ ಒಲೆಯ ಮುಂದೆ ಕಾಸಿದಂತೆ ಬೆಚ್ಚಗಾಗಿತ್ತು. ಕೂಸು ಒಮ್ಮೆ ಆಕಳಿಸಿ ನಿದ್ದೆ ಹೋಯಿತು.

ಅಷ್ಟರಲ್ಲಿ ಬಾಳ್ಯಾ ಕೂಗಿದ: “ಸರ್, ಹೀಟರಿಗೆ ನೀರು ಬಿಡೂ ತೋಟಿನ ಬಂದ್ ಐತಲ್ರಿ! ಯಾವನೋ ಶಾಣ್ಯಾ ವಾಯರ್ ಸುತ್ತಿ ಬಿಗದಾನ. ಹನಿಹನಿ ನೀರು ಹೋದ್ರ ಹೆಂಗ ಬಿಸಿ ಆಗ್ಬೇಕು?”

ಇಂದೂ ಬಗ್ಗಿ ನೋಡಿದಳು. “ಏನ್ರಿ, ಈ ಹಸರ ವಾಯರ್ ನಿಮ್ಮ ಸಾಲಿ ಪ್ರಯೋಗಶಾಲೆದು ಅಲ್ಲೇನು?”

ಎಲ್ಲವೂ ನೆನಪಾಯಿತು. ಕಳೆದ ಯುಗಾದಿಯ ಬಿಸಿಲಲ್ಲಿ ಕಾಲು ಸುಡುತ್ತವೆಂದು ಆ ತೋಟಿಯನ್ನು, ಅಂದರೆ ನೀರಿನ ನಲ್ಲಿಯನ್ನು, ಮುಚ್ಚಿ, ವಾಯರ್ ಸುತ್ತಿ, ನನ್ನ ಜಾಣತನಕ್ಕೆ ನಾನೇ ಬೆನ್ನು ಚಪ್ಪರಿಸಿಕೊಂಡಿದ್ದೆ. ಆ ಶಾಣ್ಯಾ ನಾನೇ!

“ಸರೀ, ನಾ ತಗೀತೇನಿ,” ಎಂದು ಬಾಳ್ಯಾನನ್ನು ಸರಿಸಿ, ಇಕ್ಕಳ ಹಿಡಿದು ಬಲವಾಗಿ ತಿರುವಿದೆ. ಪಟ್! ತೋಟಿಯ ಹಿಡಿಕೆ ಮುರಿದು ಕೈಗೆ ಬಂತು. ಹೀಟರಿನ ಕಥೆ ಅಲ್ಲಿಗೆ ಮುಗಿಯಿತು. ಇಂಜಿನ್ ಆರಿದ ಮೇಲೆ ಬಾಳ್ಯಾನೇ ಬಾವಿಯ ನೀರು ತಂದು ತುಂಬಿಸಿ ನಮ್ಮನ್ನು ಸಾಗಹಾಕಿದ.

ಹತ್ತಕ್ಕೆ ಐದು ನಿಮಿಷವಿರುವಾಗ ಉಗಾರ ಮುಟ್ಟಿದೆವು. ಅಳಿಯ ಬಾಗಿಲಲ್ಲೇ ನಿಂತಿದ್ದ. ಬೀಗತಿ ಆರತಿ ಎತ್ತಿ, ಕೂಸನ್ನು ಒಳಗೆ ಕರೆದುಕೊಂಡು, ಹೇಳಿದಂತೆಯೇ ಅಂಗಾಲು ಮುಟ್ಟಿದರು. 

“ಅಯ್ಯ, ಎಷ್ಟ ಬೆಚ್ಚಗೈತಿ ನನ ಬಂಗಾರ! ಖರೇನ ಬೀಗರ, ನಿಮ್ಮ ಹೀಟರ್ ಭಾಳ ಚಲೋ ಐತಿ ಬಿಡ್ರಿ!”

ಇಂದೂ ಕೌದಿಯ ಅಂಚು ಸರಿಪಡಿಸುತ್ತಾ ಶಾಂತವಾಗಿ ಹೇಳಿದಳು: “ಹೌದ್ರಿ. ಆರ ತಿಂಗಳ ಕುಂತು ನಾನ ಹೊಲದೇನಿ.”

ನಾನು ಜೇಬಿನಲ್ಲಿದ್ದ ಮುರಿದ ಹಿಡಿಕೆಯನ್ನು ಮುಟ್ಟಿ ನೋಡಿಕೊಂಡೆ. ತಣ್ಣಗಿತ್ತು!