ಎಡಹೆಗಲಿನ ಸಾಕ್ಷಿ

ಹೆಂಡತಿ ಮಾತು ಬಿಟ್ಟರೆ ಮನೆ ತಣ್ಣಗಿರುತ್ತದೆ ಎಂದು ನನ್ನ ಆಫೀಸಿನ ಗೆಳೆಯರು ಹೇಳುತ್ತಾರೆ. ಅವರ ಹೆಂಡತಿಯರು ಒಂದು ದಿನವೂ ಮಾತು ಬಿಟ್ಟವರಲ್ಲ, ಅದಕ್ಕೇ ಹಾಗನ್ನುತ್ತಾರೆ. ನನ್ನ ಹೆಂಡತಿ ಸುನಿತಾ ಮಾತು ಬಿಟ್ಟು ಹದಿನೆಂಟು ದಿನವಾಗಿತ್ತು. ಊಟಕ್ಕೆ ಕರೆಯಬೇಕಾದರೆ ತಟ್ಟೆಯನ್ನು ನೆಲಕ್ಕೆ ಕುಕ್ಕುತ್ತಿದ್ದಳು. ನಲ್ಲಿಯಲ್ಲಿ ನೀರು ಬಂದಿದ್ದನ್ನು ಗೋಡೆಗೆ ಹೇಳುತ್ತಿದ್ದಳು. ಗೋಡೆ ಏಳುವುದಿಲ್ಲವಾದ್ದರಿಂದ ನಾನೇ ಎದ್ದು ಬಿಂದಿಗೆ ಹಿಡಿಯುತ್ತಿದ್ದೆ.

ಕಾರಣ ಸಣ್ಣದು (ಎಂದು ಆಗಿನ ನನ್ನ ಅಭಿಪ್ರಾಯ). ಕೆರೆಬಿಳಚಿಯಲ್ಲಿ ನೆಂಟರ ಮದುವೆ ಮುಗಿಸಿಕೊಂಡು ನ್ಯಾಮತಿಯ ನಮ್ಮ ಮನೆಗೆ ಮರಳುವಾಗ ಹೊನ್ನಾಳಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಸೀಟು ಹಿಡಿಯಲೆಂದು ನಾನು ಮುಂದೆ ನುಗ್ಗಿದೆ. ಸಿಕ್ಕಿತು, ಅದೂ ಎರಡು. ಒಂದರ ಮೇಲೆ ಬ್ಯಾಗು ಇಟ್ಟು ಇನ್ನೊಂದರ ಮೇಲೆ ಕೂತೆ. ಗೆದ್ದ ಸಂತೋಷಕ್ಕೆ ನಿದ್ದೆ ಬಂತು. ನ್ಯಾಮತಿಯಲ್ಲಿ ಎಚ್ಚರವಾದಾಗ ಪಕ್ಕದಲ್ಲಿ ಬ್ಯಾಗು ಇತ್ತು. ಸುನಿತಾ ಹೊನ್ನಾಳಿಯ ಸ್ಟ್ಯಾಂಡಿನಲ್ಲೇ, ನನಗೆಂದು ಕೊಂಡ ಮಂಡಕ್ಕಿ ಪೊಟ್ಟಣ ಹಿಡಿದು ನಿಂತಿದ್ದಳು. ಅವಳ ಮೊಬೈಲು ಬ್ಯಾಗಿನೊಳಗಿತ್ತು. ನಾನು ಸರ್ವೇಯರ್. ಹೊಲದ ಗಡಿಗಲ್ಲು ಒಂದು ಗೇಣು ಸರಿದಿದ್ದರೂ ದೂರದಿಂದಲೇ ಹಿಡಿಯುತ್ತಾನೆಂದು ಮೂರು ತಾಲ್ಲೂಕಿನಲ್ಲಿ ಹೆಸರು. ಇಂಥ ಕೀರ್ತಿವಂತನಿಗೆ ಒಬ್ಬ ಹೆಂಡತಿ ಇಲ್ಲದ್ದು ಹೇಗೆ ತಿಳಿಯಲಿಲ್ಲವೆಂದು ಓದುಗರು ಕೇಳಬಾರದು. ಸುನಿತಾ ಆಗಲೇ ಕೇಳಿದ್ದಾಳೆ. ಅದೇ ಅವಳಾಡಿದ ಕಡೆಯ ಮಾತು.

ಹದಿನೆಂಟನೆಯ ದಿನ ನನಗೊಂದು ದಿವ್ಯ ಆಲೋಚನೆ ಹೊಳೆಯಿತು. ಚನ್ನಗಿರಿಯಲ್ಲಿ ಔಷಧದಂಗಡಿಯೊಂದರ ಮಹಡಿಯ ಮೇಲೆ ಅರ್ಪಿತಾ ಎಂಬ ಹುಡುಗಿ ವಾರಕ್ಕೊಂದು ದಿನ ಗಂಡಹೆಂಡಿರಿಗೆ ಆಪ್ತ ಸಲಹೆ ಕೊಡುತ್ತಾಳೆಂದು ಕೇಳಿದ್ದೆ. ಓದಿದವಳು, ಹೆಣ್ಣುಮಗಳು. ಅವಳು ನಾಲ್ಕು ಮಾತು ಬೈದರೆ ಇವಳು ದಾರಿಗೆ ಬಂದಾಳು ಎಂದುಕೊಂಡೆ. ವಿಷಯವನ್ನು ನಾನೂ ಗೋಡೆಗೇ ಹೇಳಿದೆ. ಮರುದಿನ ಬೆಳಿಗ್ಗೆ ಸುನಿತಾ ಒಳ್ಳೆಯ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು.

ಅರ್ಪಿತಾ ಯಾರನ್ನೂ ಬೈಯಲಿಲ್ಲ. ನಮ್ಮಿಬ್ಬರ ಕುರ್ಚಿಗಳನ್ನು ಎದುರುಬದುರು ಎಳೆದು, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂರಿಸಿ, ಸುಮ್ಮನೆ ಒಬ್ಬರನ್ನೊಬ್ಬರು ನೋಡಿ ಎಂದಳು. ಇಷ್ಟು ಹತ್ತಿರದಿಂದ, ಹಾಡಹಗಲಿನಲ್ಲಿ, ನಾವು ಹಾಗೆ ನೋಡಿಕೊಂಡು ಎಷ್ಟು ವರ್ಷವಾಗಿತ್ತೋ. ಸುನಿತಾಳ ಹುಬ್ಬಿನ ಪಕ್ಕ ಒಂದು ಮಚ್ಚೆ ಕಂಡಿತು. ಇದು ಯಾವಾಗ ಬಂತೆಂದು ಕೇಳುವ ಮನಸ್ಸಾಯಿತು. ಕೇಳದೆ ಉಳಿದದ್ದು ಆ ದಿನ ನಾನು ತೋರಿದ ಏಕೈಕ ಜಾಣತನ.

ಅರ್ಪಿತಾ ಹೇಳುವ ಪ್ರಕಾರ, ಮಗು ಆಡುತ್ತಾ ಆಡುತ್ತಾ ಅಮ್ಮ ಇದ್ದಾಳಾ ಎಂದು ತಿರುಗಿ ನೋಡುತ್ತದಂತೆ. ದೊಡ್ಡವರಾದ ಮೇಲೂ ಆ ನೋಡುವುದು ನಿಲ್ಲುವುದಿಲ್ಲವಂತೆ, ಅಮ್ಮನ ಜಾಗಕ್ಕೆ ಗಂಡನೋ ಹೆಂಡತಿಯೋ ಬರುತ್ತಾರಂತೆ. ತಿರುಗಿದಾಗ ಅವರು ಇಲ್ಲದಿದ್ದರೆ ಹುಟ್ಟುವ ಭಯ ಮೈಯೊಳಗೆ ಮನೆ ಮಾಡುತ್ತದಂತೆ. ಹೊನ್ನಾಳಿಯ ಆ ಸಂಜೆ ನಿಮ್ಮ ಮೈಯಲ್ಲಿ ಎಲ್ಲಿದೆ ಎಂದು ಅರ್ಪಿತಾ ಕೇಳಿದಾಗ ಸುನಿತಾ ಮಾತಿಲ್ಲದೆ ಹೊಟ್ಟೆಯ ಮೇಲೆ ಕೈಯಿಟ್ಟಳು. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಆಮೇಲೆ ನನ್ನ ಸರದಿ. “ತಿಪ್ಪೇಶಪ್ಪ ಸರ್, ಇವರ ಜೊತೆ ನಿಮಗೆ ತುಂಬಾ ಹಾಯೆನಿಸಿದ ಒಂದು ಗಳಿಗೆ ನೆನೆಸ್ಕಳ್ರಿ. ಕಣ್ಣು ಮುಚ್ಚಿ. ಅದು ಮೈಯಾಗೆ ಎಲ್ಲೈತೆ ತೋರಿಸ್ರಿ” ಎಂದಳು. ನಾನು ಯೋಚಿಸಲೇ ಇಲ್ಲ, ಎಡಹೆಗಲು ಮುಟ್ಟಿ ತೋರಿಸಿದೆ.

ಇಪ್ಪತ್ತಾರು ವರ್ಷದ ಹಿಂದೆ ಜಗಳೂರಿನಲ್ಲಿ ಮದುವೆ ಮುಗಿಸಿ, ಹೆಣ್ಣು ಕರೆದುಕೊಂಡು ಮೆಟಡಾರಿನಲ್ಲಿ ಹೊರಟಿದ್ದೆವು. ನಾವಿಬ್ಬರು ನಡುವಿನ ಸೀಟಿನಲ್ಲಿ, ಹಿರಿಯರೆಲ್ಲ ಹಿಂದಿನ ಸೀಟಿನಲ್ಲಿ. ಮದುಮಗ ಹೆಂಡತಿಯ ಕಡೆ ತಿರುಗಿದರೆ ನಾಚಿಕೆಗೆಟ್ಟವನೆಂದು ವರ್ಷವಿಡೀ ಆಡಿಕೊಳ್ಳುವ ಕಾಲ. ಬಾಸಿಂಗದ ಹೂವಿನ ಎಳೆಗಳ ಸಂದಿನಿಂದ ನಾನು ನನ್ನ ಮೊಣಕಾಲನ್ನೇ ನೋಡುತ್ತಾ ಕೂತಿದ್ದೆ. ಊರಾಚೆ ಗಾಡಿ ಒಂದು ಸಲ ನಿಂತು ಹೊರಟಿತು. ಸ್ವಲ್ಪ ಹೊತ್ತಿಗೆ ನನ್ನ ಎಡಹೆಗಲ ಮೇಲೆ ಮೆಲ್ಲಗೆ ಒಂದು ತಲೆ ಬಂದು ಒರಗಿತು. ಮಲ್ಲಿಗೆ ವಾಸನೆ. ನನ್ನ ತೋಳಿನ ಪಕ್ಕದಲ್ಲೊಂದು ಹಸಿರು ಬಳೆಯ ಕೈ. ನನ್ನನ್ನು ಅಷ್ಟು ನಂಬಿ ಅಲ್ಲಿಯತನಕ ಯಾರೂ ಮಲಗಿರಲಿಲ್ಲ. ಎರಡೂವರೆ ಗಂಟೆ ನಾನು ಅಲುಗಲಿಲ್ಲ. ಮೂಗಿನ ಮೇಲೆ ಕೂತ ನೊಣವನ್ನೂ ಓಡಿಸಲಿಲ್ಲ. ಇಳಿಯುವ ಹೊತ್ತಿಗೆ ತೋಳು ಪೂರಾ ಜೋಮು ಹಿಡಿದಿತ್ತು. ಈಗಲೂ ಅಳತೆಗೆ ಹೋದಾಗ, ಬಿಸಿಲಲ್ಲಿ ಒಬ್ಬನೇ ನಿಂತಾಗ, ಆ ಹೆಗಲು ಒಮ್ಮೊಮ್ಮೆ ಬೆಚ್ಚಗಾಗುತ್ತದೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಅವಳಿಗೂ. ಈಗ ಇಬ್ಬರೆದುರೂ ಅಷ್ಟನ್ನೂ ಹೇಳಿ ಮುಗಿಸಿದೆ. ಗೆದ್ದೆ ಎಂದುಕೊಂಡು ಕಣ್ಣು ಬಿಟ್ಟೆ.

“ಅದು ನಾನಲ್ಲ” ಎಂದಳು ಸುನಿತಾ.

ಇಷ್ಟು ದಿನದ ಮೇಲೆ ಅವಳಾಡಿದ ಮೊದಲ ಮಾತು ಅದು. ಹಿಂದೆ ಕೂತರೆ ಅವಳಿಗೆ ವಾಂತಿಯಂತೆ. ಊರಾಚೆ ಗಾಡಿ ನಿಲ್ಲಿಸಿದ್ದೇ ಅವಳಿಗಾಗಿ. ಅವಳು ಡ್ರೈವರ್ ಪಕ್ಕಕ್ಕೆ ಹೋದಳು, ಅವಳ ಜಾಗಕ್ಕೆ ಅವಳ ಸೋದರತ್ತೆ ಉಚ್ಚಂಗಮ್ಮ ಬಂದು ಕೂತಳು. ಹಸಿರು ಬಳೆ, ಹಸಿರು ಬಳೆ ಎಂದು ನಾನು ತೊದಲಿದೆ. ಮದುವೆಗೆ ಬಂದ ಬಳೆಗಾರ ಮನೆಯ ಹೆಂಗಸರಿಗೆಲ್ಲ ಅದೇ ಬಳೆ ತೊಡಿಸಿದ್ದನಂತೆ.

“ಅವತ್ತೂ ನಾನು ಪಕ್ಕದಾಗೆ ಇಲ್ಲ ಅನ್ನಾದು ನಿಮಗೆ ಗೊತ್ತಾಗಲಿಲ್ಲ” ಎಂದಳು. “ಹೊನ್ನಾಳ್ಯಾಗೂ ಗೊತ್ತಾಗಲಿಲ್ಲ. ಒಂದು ಸಲ ತಿರುಗಿ ನೋಡಾಕೆ ಎಷ್ಟು ಹೊತ್ತು ಬೇಕ್ರೀ?”

ನನಗೆ ನಿಜವಾಗಿ ನಾಚಿಕೆಯಾಯಿತು. ಹೊನ್ನಾಳಿಯ ಆ ಗದ್ದಲದಲ್ಲಿ ಅವಳು ನನ್ನನ್ನು ಹುಡುಕುತ್ತಿದ್ದುದು ಆಗ ಮೊದಲ ಸಲ ಕಣ್ಣಿಗೆ ಕಟ್ಟಿತು. ತಪ್ಪಾಯ್ತು ಕಣೇ ಎಂದೆ. ಅವಳು ನನ್ನನ್ನೇ ನೋಡುತ್ತಿದ್ದಳು. ನೋಡುತ್ತಾ ನೋಡುತ್ತಾ ತುಟಿಯ ಕೊನೆ ಅದುರಿತು. ನೊಣಾನೂ ಓಡಿಸಲಿಲ್ವಾ ಎಂದು ಕೇಳಿದಳು. ಇಲ್ಲ ಎಂದೆ. ನಕ್ಕಳು ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗುತ್ತಲೇ ಜಗಳೂರಿಗೆ ಫೋನು ಹಚ್ಚಿ, ನಮಗೂ ಕೇಳುವಂತೆ ಸ್ಪೀಕರ್ ಹಾಕಿ, ಎಂಬತ್ತರ ಹತ್ತಿರದ ಉಚ್ಚಂಗತ್ತೆಗೆ ಎಲ್ಲ ವರದಿ ಒಪ್ಪಿಸಿದಳು.

“ನಂಗೆ ನಡುವೆ ಎಚ್ಚರ ಆಗಿತ್ತು ಕಣೇ” ಎಂದಳು ಮುದುಕಿ. “ತಲೆ ತೆಗೆದ್ರೆ ಹುಡುಗ ನಾಚ್ಕಂತಾನೆ ಅಂತ ಹಂಗೇ ಇದ್ದೆ. ನಮ್ಮ ಯಜಮಾನ್ರು ಒಂದು ದಿನಾನೂ ನಂಗೆ ಹಂಗೆ ಕೂತವ್ರಲ್ಲ. ಹುಡುಗ ಒಳ್ಳೇನು, ನಮ್ಮ ಹುಡುಗಿ ಬಾಳ್ತಾಳೆ ಅಂತ ವಾಪಸ್ ಬಂದು ನಿಮ್ಮಪ್ಪಗೆ ಹೇಳ್ದೆ.”

ಸುನಿತಾಳ ನಗು ನಿಂತಿತು. ಫೋನು ಇಟ್ಟು, ಕುರ್ಚಿ ನನ್ನ ಪಕ್ಕಕ್ಕೆ ಎಳೆದು, ಸ್ವಲ್ಪ ಹೊತ್ತು ನನ್ನ ಎಡಹೆಗಲ ಮೇಲೆ ಕೈಯಿಟ್ಟುಕೊಂಡು ಕೂತಳು. ಕೈ ಯಾರದೆಂದು ಈ ಸಲ ತಿರುಗಿ ನೋಡಿಕೊಂಡೆ.

ಹೊರಡುವಾಗ ಅರ್ಪಿತಾ ಒಂದು ಅಭ್ಯಾಸ ಹೇಳಿಕೊಟ್ಟಳು. ಜೊತೆಯಲ್ಲಿ ಎಲ್ಲಿಗೇ ಹೋದರೂ ನಾನು ಆಗಾಗ ಹೆಂಡತಿಯ ಕಡೆ ತಿರುಗಿ, ಮುಖ ನೋಡಿ, ಹೆಸರು ಹೇಳಬೇಕು. ನಮ್ಮ ಕಡೆ ನಾಲ್ಕು ಜನರೆದುರು ಯಾರು ಹೆಂಡತಿಯ ಹೆಸರು ಹಿಡಿದು ಕೂಗುತ್ತಾರೆ? ‘ಏನೇ’, ‘ಕೇಳಿಸ್ತಾ’ ಎಂಬೆರಡು ಮಂತ್ರದಲ್ಲೇ ನನ್ನ ಸಂಸಾರ ಇಲ್ಲಿಯತನಕ ಸಾಗಿತ್ತು. ಆದರೆ ಸುನಿತಾ ಈ ಅಭ್ಯಾಸವನ್ನು ಬಲು ನಿಷ್ಠೆಯಿಂದ ಹಿಡಿದಳು. ಬಸ್ಸಿನಲ್ಲಿ ಮುಂದಿನ ಸೀಟು ಸಿಕ್ಕಿತು, ನನ್ನನ್ನು ಕಿಟಕಿಯ ಪಕ್ಕ ಕೂರಿಸಿ ತಾನು ಈ ಕಡೆ ಕೂತಳು. ಬಸ್ಸು ನಿಂತಲ್ಲೆಲ್ಲ ಮೊಣಕೈಯಿಂದ ಪಕ್ಕೆಗೆ ತಿವಿದು, “ಯಾರ್ರೀ ಪಕ್ಕದಾಗೆ?” ಎಂದು ಕೇಳುವಳು. ನಾನು ತಿರುಗಿ, ಮುಖ ನೋಡಿ, ಮೆಲ್ಲಗೆ “ಸುನಿತಾ” ಎನ್ನಬೇಕು. ಕೇಳಲಿಲ್ಲ ಎಂದು ಇನ್ನೊಂದು ಸಲ ಹೇಳಿಸುವಳು. ನಲ್ಲೂರು ದಾಟುವ ಹೊತ್ತಿಗೆ ಇಡೀ ಬಸ್ಸು ನಮ್ಮನ್ನು ನೋಡುತ್ತಿತ್ತು.

ಪಕ್ಕದ ಸಾಲಿನಲ್ಲಿ ಕೂತಿದ್ದ ಹೆಂಗಸೊಬ್ಬಳು ತಡೆಯಲಾರದೆ ಸುನಿತಾಳ ಕಡೆ ಬಾಗಿ, “ಪಾಪ, ಕಟ್ಕಂಡ ಹೆಂಡ್ತಿ ಗುರುತೂ ಸಿಗಲ್ವಾ? ಯಾವಾಗಿಂದ ಹಿಂಗೆ?” ಎಂದು ಮರುಗಿದಳು.

“ಮದುವೆ ಆದ ದಿನದಿಂದ ಕಣಮ್ಮ” ಎಂದಳು ಸುನಿತಾ.