ಔಷಧಿ ನೀರಿನ ಕಿಮ್ಚಿ

ಕೊರಿಯಾದ ನಮ್ಮ ವೊಂಜು ಊರಿನಲ್ಲಿ ಹೆಂಡತಿಗೆ ಹೆದರುವ ಗಂಡಸರಿಗೆ ಬರವಿಲ್ಲ. ಆದರೆ ಹೆಂಡತಿಯ ಕಿಮ್ಚಿಯನ್ನು ಸುಧಾರಿಸಲು ಹೊರಟ ಮಹಾಪುರುಷ ನಾನೊಬ್ಬನೇ.

ನನ್ನವಳು ಮಾಲ್‌ಸುನ್. ಅವಳ ಕೈರುಚಿ ಎಂಥದ್ದೆಂದರೆ, ಚಳಿಗಾಲಕ್ಕೆ ಮುನ್ನ ನಮ್ಮ ಐದು ಮಹಡಿಯ ಕಟ್ಟಡದ ಹೆಂಗಸರೆಲ್ಲ ನಮ್ಮಲ್ಲೇ ಸೇರುತ್ತಾರೆ. ಉಪ್ಪಿನಲ್ಲಿ ನೆನೆದ ಎಲೆಕೋಸಿನ ಗುಡ್ಡಕ್ಕೆ ಮೆಣಸಿನಪುಡಿ, ಬೆಳ್ಳುಳ್ಳಿ, ಸಿಗಡಿ ಮೆತ್ತಿ, ಇಟ್ಟಷ್ಟೂ ಹುಳಿಯೇರುವ ವರ್ಷದ ಕಿಮ್ಚಿ ಒಯ್ಯುತ್ತಾರೆ. ಆ ದಿನ ಅವಳು ಸೇನಾಧಿಪತಿ, ನಾನು ಬಕೆಟ್ ಎತ್ತುವ ಕಾಲಾಳು.

ಈ ಸಲ ಕಾಲಾಳಿಗೆ ಬುದ್ಧಿ ಬೆಳೆಯಿತು. ಊರ ಬೆಟ್ಟದ ಮೇಲೊಂದು ಔಷಧಿ ನೀರಿನ ಚಿಲುಮೆಯಿದೆ. ಬೆಳಗಾದರೆ ನನ್ನಂಥ ನಿವೃತ್ತರು ಅಲ್ಲಿ ಬೊಗಸೆಯೊಡ್ಡಿ ಕುಡಿದು “ಆಹಾ” ಅನ್ನುತ್ತೇವೆ. ಕುಡಿಯಲು ಯೋಗ್ಯವಲ್ಲ ಎಂಬ ಕೆಂಪಕ್ಷರದ ಬೋರ್ಡೂ ಪಕ್ಕದಲ್ಲೇ ಇದೆ. (ಬೆಟ್ಟ ಹತ್ತಲಾರದವರ ಹೊಟ್ಟೆಕಿಚ್ಚು ಎಂಬುದು ನಮ್ಮ ಮಂಡಳಿಯ ಸರ್ವಾನುಮತದ ತೀರ್ಮಾನ.)

“ಕಡೇ ಸಲ ತೊಳೆಯೋದು ಬೆಟ್ಟದ ನೀರಲ್ಲಿ ಆಗ್ಲಿ ಕಣೇ. ಆಮೇಲೆ ರುಚಿ ನೋಡು!”

“ಆ ಬೋರ್ಡು ಓದಿದ್ದೀರಾ?”

“ನಮ್ಮಪ್ಪ ಅದೇ ನೀರು ಕುಡ್ಕೊಂಡು ತೊಂಬತ್ತು ವರ್ಷ ಬದುಕಿದ.”

“ನಿಮ್ಮನ್ನ ಸಾಕಿ ಸಾಕಿ ಅವರಿಗೆ ಏನನ್ನಾದ್ರೂ ಅರಗಿಸ್ಕೊಳ್ಳೋ ಅಭ್ಯಾಸ ಆಗಿತ್ತು. ನಲ್ಲಿ ನೀರೇ ಸಾಕು, ಬಕೆಟ್ ಎತ್ತಿ.”

ಎತ್ತಿದೆ. ಆದರೆ ಹೆಂಗಸರೆಲ್ಲ ಕಾಫಿಗೆ ಎದ್ದದ್ದೇ ತಡ, ಬೆಟ್ಟದಿಂದ ಬೆನ್ನ ಮೇಲೆ ಹೊತ್ತು ತಂದಿದ್ದ ಎರಡು ಕ್ಯಾನು ನೀರನ್ನೂ ತೊಳೆದಿಟ್ಟ ಎಲೆಕೋಸಿಗೆ ಅಭಿಷೇಕ ಮಾಡಿಬಿಟ್ಟೆ. ಮಧ್ಯಾಹ್ನ ಬೇಯಿಸಿದ ಹಂದಿಮಾಂಸದ ಜೊತೆ ಆಗತಾನೇ ಕಲಸಿದ ಹಸಿ ಕಿಮ್ಚಿಯನ್ನು ಎಲ್ಲರೂ ಬೆರಳು ಚೀಪಿ ಚೀಪಿ ತಿಂದರು. “ಈ ವರ್ಷದ್ದು ಅಮೃತ!” ಅಂದರು. ನಾನು ಒಳಗೊಳಗೇ ನಕ್ಕೆ.

ಎರಡು ದಿನಕ್ಕೆ ಅಮೃತ ಕೆಲಸ ಶುರುಮಾಡಿತು. ಮೇಲಿನ ಫ್ಲಶ್ಶಿಗೂ ಕೆಳಗಿನ ಫ್ಲಶ್ಶಿಗೂ ಜುಗಲ್‌ಬಂದಿ. ನಾನೂ ಆ ಕಛೇರಿಯಿಂದ ಎದ್ದು ಬರುವ ಸ್ಥಿತಿಯಲ್ಲಿರಲಿಲ್ಲ. ಆರೋಗ್ಯ ಕೇಂದ್ರದಾಕೆ ಬಂದು ಪರೀಕ್ಷೆಗೆ ಕಿಮ್ಚಿ ಒಯ್ದಳು. ಕೆಟ್ಟ ಬ್ಯಾಕ್ಟೀರಿಯಾ ಸಿಕ್ಕಿತು. ಹುಳಿ ಏರುವ ಮೊದಲೇ ತಿಂದದ್ದು ಇನ್ನೂ ಅನಾಹುತವಾಯಿತಂತೆ. ಎಲ್ಲರ ಮನೆಯದನ್ನೂ ಎಸೆಯಬೇಕೆಂದು ಅಪ್ಪಣೆಯಾಯಿತು.

ಮಾಲ್‌ಸುನ್ ಮೆಟ್ಟಿಲ ಬಳಿ ನಿಂತು ಎಲ್ಲರಿಗೂ ಸೊಂಟ ಬಾಗಿಸಿ ಕ್ಷಮೆ ಕೇಳಿದಳು. “ಮನೆ ನಂದು, ಕೈ ನಂದು. ತಪ್ಪೂ ನಂದೇ.”

ನಾನು ಪಕ್ಕದಲ್ಲೇ ಇದ್ದೆ. ನಾಲಿಗೆ ಉಪ್ಪುನೀರಲ್ಲಿ ನೆನೆದ ಎಲೆಕೋಸಾಗಿತ್ತು. ನಲವತ್ತು ವರ್ಷದಲ್ಲಿ ಗಳಿಸಿದ ಹೆಸರನ್ನು ನನ್ನ ಮೂರ್ಖತನಕ್ಕೆ ಒತ್ತೆಯಿಟ್ಟು ನಿಂತಳಲ್ಲ! ನಾಚಿಕೆಯೂ ಆಯಿತು, ಅವಳ ಮೇಲೆ ಪ್ರೀತಿಯೂ ಉಕ್ಕಿತು.

ಆಮೇಲೆ ಅವಳು ಅಕ್ಕಿ ಗಂಜಿ ಮಾಡಿ ಪಾತ್ರೆಗಳನ್ನು ನನ್ನ ಕೈಗಿಟ್ಟಳು. “ಮನೆಮನೆಗೂ ಕೊಟ್ಟು ಬನ್ನಿ.”

ಮೊದಲ ಮಹಡಿಯಲ್ಲಿ, “ಹೆಂಡ್ತಿ ತಪ್ಪಿಗೆ ನೀವು ಗಂಜಿ ಹೊರ್ತಿದ್ದೀರಾ? ಎಂಥಾ ಗಂಡ ಸಿಕ್ಕಿದ್ದಾರೆ ಪುಣ್ಯಾತ್‌ಗಿತ್ತಿಗೆ!” ಅಂದರು. ಎರಡನೆಯದರಲ್ಲಿ, “ಅವರಿಗೂ ವಯಸ್ಸಾಯ್ತು ಬಿಡಿ. ಮುಂದಿನ ವರ್ಷ ಅಂಗಡೀದೇ ತರ್ತೀವಿ.” ಪ್ರತಿ ಬಾಗಿಲಲ್ಲೂ ಬಾಯಿ ತೆರೆದೆ, ಗಂಜಿ ಕೊಟ್ಟೆ, ಬಾಯಿ ಮುಚ್ಚಿದೆ.

ಐದನೇ ಮಹಡಿಯ ಕಡೇ ಬಾಗಿಲು ಗ್ವಾಕ್ ಅಜ್ಜಿಯದು. ಅಜ್ಜಿ ಗಂಜಿ ಮೂಸಿ ನೋಡಿ, “ಮಾಲ್‌ಸುನ್ ಇನ್ಮೇಲೆ ಕಿಮ್ಚಿಗೆ ಕೈ ಹಾಕದೇ ಇದ್ರೆ ಒಳ್ಳೇದು” ಅಂದಳು.

ಅದನ್ನು ಕೇಳಿ ತಡೆಯಲಾಗಲಿಲ್ಲ.

“ಅವಳ ಕೈಗೇನಾಗಿದೆ ಅಜ್ಜಿ? ಬೆಟ್ಟದ ನೀರು ಸುರಿದ ಕತ್ತೆ ನಾನು! ಅವಳಂಥ ಕೈ ಈ ಊರಲ್ಲೇ ಇಲ್ಲ!” ಎಂದು ಕಟ್ಟಡ ನಡುಗುವಂತೆ ಕೂಗಿದೆ.

ಅಜ್ಜಿ ಹಣೆ ಚಚ್ಚಿಕೊಂಡಳು. “ಥೂ ನಿನ್ನ! ಮೂರನೇ ಮಹಡೀಲೇ ಒಪ್ಕೋತೀಯ ಅಂತ ನಂಬಿದ್ನಲ್ಲೋ!”

“ಏನಂದ್ರಿ?”

“ಮೊನ್ನೆ ನೀನು ಕಕ್ಕಸಲ್ಲಿ ಕೂತಿದ್ದಾಗಲೇ ನಿನ್ನ ಹೆಂಡ್ತಿ ಖಾಲಿ ಕ್ಯಾನು ಹಿಡ್ಕೊಂಡು ಬಂದು ಆರೋಗ್ಯ ಕೇಂದ್ರದೋಳಿಗೂ ನಮಗೂ ಎಲ್ಲಾ ಹೇಳಿದ್ಲು. ಯಾವ ಬಾಗಿಲಲ್ಲಿ ನೀನು ಬಾಯಿ ಬಿಡ್ತೀಯ ಅಂತ ಪಂಥ ಕಟ್ಟಿದ್ವಿ. ಕಡೇ ಬಾಗಿಲು ಅಂದೋಳು ಅವಳೊಬ್ಳೇ. ಸೋತೋರು ಹೊಸ ಕಿಮ್ಚಿಗೆ ಎಲೆಕೋಸು ಹೊತ್ತು ತರ್ಬೇಕು.”

ಕೆಳಗೆ ಒಂದೊಂದಾಗಿ ಬಾಗಿಲು ತೆರೆದುಕೊಂಡವು. ನಗು ಮೆಟ್ಟಿಲು ಹತ್ತಿ ಬಂತು. ಎಲ್ಲಕ್ಕೂ ಕೆಳಗಿನಿಂದ ನನ್ನ ಸೇನಾಧಿಪತಿಯ ದನಿ ಕೇಳಿಸಿತು:

“ಸೋತೋರೆಲ್ಲ ಶನಿವಾರ ಬನ್ರಮ್ಮ! ಇವರ್ಗೆ ಬೆಳ್ಳುಳ್ಳಿ ಬಿಡಿಸೋಕೆ ಕೊಡಿ, ನೀರಿನ ಹತ್ರ ಮಾತ್ರ ಬಿಟ್ಕೋಬೇಡಿ!”