ಲೋಕಿ ಬಂದವ್ನೆ

ತೊಂದರೆ ಶುರುವಾದದ್ದು ಒಂದು ಹೆಸರಿನಿಂದ. ಐ.ಡಿ.ಹಳ್ಳಿಯ ಟೈಲರ್ ರಾಮಾಂಜನೇಯನಿಗೆ ಬೆಳಗ್ಗೆ ಕಾಫಿ ಕೊಡುತ್ತಾ ಹೆಂಡತಿ ಗಂಗಾಲಕ್ಷ್ಮಿ, "ನೀನೂ ಲೋಕಣ್ಣನೂ ಜೊತೆಗಿದ್ದಾಗ ಎಷ್ಟು ನಗುಸ್ತಿದ್ರಿ" ಎಂದು ನಿಟ್ಟುಸಿರು ಬಿಟ್ಟಿದ್ದಳು.

ಲೋಕಣ್ಣ ಎಂದರೆ ರಾಮಾಂಜನೇಯನ ಬಾಲ್ಯದ ಗೆಳೆಯ ಲೋಕೇಶ. ಊರಿಗೆಲ್ಲ ಲೋಕಿ. ಅವನು ಯಾರ ವೇಷ ಹಾಕಿದರೂ ಅವರ ಹೆತ್ತ ತಾಯಿಯೇ ಮೋಸಹೋಗಬೇಕು. ಒಮ್ಮೆ ಹೆಡ್‌ಮಾಸ್ತರರ ಕೋಟು, ಕನ್ನಡಕ ಹಾಕಿಕೊಂಡು ಇಡೀ ಶಾಲೆಗೆ ರಜ ಕೊಟ್ಟುಬಿಟ್ಟಿದ್ದ. ಆಮೇಲೊಂದು ದಿನ ಶಿರಾ ಕಡೆಯ ಲಾರಿ ಹತ್ತಿದವನು ಮತ್ತೆ ಊರಿಗೆ ತಲೆಹಾಕಲಿಲ್ಲ. ಗಂಗಾಲಕ್ಷ್ಮಿಯ ನಗುವೂ ಅದೇ ಲಾರಿ ಹತ್ತಿತು ಅಂತ ಕಾಣುತ್ತದೆ. ಅಡುಗೆಮನೆಯಲ್ಲಿ ನಕ್ಕರೆ ಬೀದಿಗೆ ಕೇಳುತ್ತಿದ್ದ ಆ ನಗುವನ್ನು ಇನ್ನೊಮ್ಮೆ ಕೇಳಬೇಕೆಂದು ರಾಮಾಂಜನೇಯನಿಗೆ ಬಹಳ ಆಸೆಯಿತ್ತು.

ಅಂಗಡಿಯಲ್ಲಿ ಮೆಷಿನ್ ತುಳಿಯುತ್ತಾ, "ಲೋಕೀ, ಎಲ್ಲಿದೀಯೋ, ಒಂದ್ಸಲ ಬಾರೋ" ಎಂದು ಬಾಯಿಬಿಟ್ಟೇ ಹೇಳಿದ.

ಪಾವಗಡದ ಬಸ್ಸಿನಿಂದ ಗೋರಂಟಿ ಬಣ್ಣದ ಗಡ್ಡದ ಉದ್ದನೆಯ ಆಸಾಮಿಯೊಬ್ಬ ಇಳಿದು ನೇರ ಅಂಗಡಿಗೆ ಬಂದ. "ಪಿಲ್ಚಿನಾವ್ ಗದಾ? ಕರೆದ್ಯಲ್ಲ, ಬಂದ್ಬುಟ್ಟೆ."

ತಾನು ಸಮುದ್ರದಾಚೆ ಹಿಮದ ಸೀಮೆಯ ದೇವರು, ಹೆಸರು ಲೋಕಿ, ಉಳಿದ ದೇವರುಗಳಿಗೆ ಕೀಟಲೆ ಕೊಡುವುದೇ ತನ್ನ ಕೆಲಸ ಎಂದು ಹೇಳಿಕೊಂಡ. ಶಾಪ ಹಾಕುವುದಕ್ಕೆ ಬಿಟ್ಟರೆ ತನ್ನ ಹೆಸರನ್ನು ಯಾರೂ ಎತ್ತುವುದಿಲ್ಲವಂತೆ. ಇಷ್ಟು ಪ್ರೀತಿಯಿಂದ ಕರೆದದ್ದು ಕೇಳಿ ತಡೆಯಲಾಗಲಿಲ್ಲವಂತೆ. ಬಂದದ್ದು ಪಾವಗಡದ ಬಸ್ಸಿನಲ್ಲಾದ್ದರಿಂದ ನಾಲಿಗೆಗೆ ತೆಲುಗು ಅಂಟಿಕೊಂಡಿತ್ತು.

ಬಿಸಿಲು ನೆತ್ತಿಗೇರಿದೆ ಅಂದುಕೊಂಡು ರಾಮಾಂಜನೇಯ ನೀರು ತರಲು ಎದ್ದ. ಅಷ್ಟರಲ್ಲಿ ದೇವರು ಕನ್ನಡಿಯ ಮುಂದೆ ಮೈ ಕೊಡವಿದ. ಅಲ್ಲಿ ಕಿರಾಣಿ ಅಂಗಡಿಯ ಬಸವಲಿಂಗಯ್ಯನವರು ವಿಭೂತಿ ಸಮೇತ ನಿಂತಿದ್ದರು. ಅವರಿಗೆಂದು ಹೊಲಿದಿಟ್ಟಿದ್ದ ಹೊಸ ಜುಬ್ಬ ತೊಟ್ಟು ಹೊರಟೂ ಹೋದರು.

ಸ್ವಲ್ಪ ಹೊತ್ತಿಗೆ ನಿಜವಾದ ಬಸವಲಿಂಗಯ್ಯನವರು ಜುಬ್ಬ ಕೇಳಿಕೊಂಡು ಬಂದರು. ದೇವರು ಒಯ್ದ ಅಂದರೆ ಯಾರು ನಂಬುತ್ತಾರೆ? "ಲೋಕಿ ಬಂದವ್ನೆ ಸ್ವಾಮಿ. ನಿಮ್ ವೇಷದಾಗೆ ಬಂದು ಎತ್ಕಂಡೋದ" ಎಂದ ರಾಮಾಂಜನೇಯ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

"ನಮ್ ಲೋಕಿನಾ?" ಬಸವಲಿಂಗಯ್ಯನವರ ಮುಖ ಅರಳಿತು. ಸ್ಟೂಲಿನ ಮೇಲೆ ಕೂತು ಆ ಸುಳ್ಳು ರಜೆಯ ಕತೆಯನ್ನು ಮತ್ತೊಮ್ಮೆ ಹೇಳಿ, ಕಣ್ಣೊರೆಸಿಕೊಂಡು, ಊರಿಗೆಲ್ಲ ಸುದ್ದಿ ಮುಟ್ಟಿಸಲು ಎದ್ದರು.

ಮಧ್ಯಾಹ್ನದ ಹೊತ್ತಿಗೆ ದೇವರು ಕುರಿ ಕಾಯುವ ಯತ್ತಪ್ಪನ ರೂಪದಲ್ಲಿ ಯತ್ತಪ್ಪನ ಕುರಿಗಳನ್ನೇ ಬಸ್‌ಸ್ಟ್ಯಾಂಡಿಗೆ ನುಗ್ಗಿಸಿದ. ಯಾರಿಗೂ ಸಿಟ್ಟು ಬರಲಿಲ್ಲ. ಎಷ್ಟು ವರ್ಷಕ್ಕೆ ಊರಿಗೆ ಕಳೆ ಬಂತು ಎಂದು ಹಳಬರೆಲ್ಲ ಕಟ್ಟೆಯ ಮೇಲೆ ಸೇರಿ ನಕ್ಕರು. ಆದರೆ ಲೋಕಿಯನ್ನು ಕರೆಸಿದವನು ರಾಮಾಂಜನೇಯ ತಾನೇ? ಹಿಕ್ಕೆ ಗುಡಿಸುವ ಪೊರಕೆ ಅವನ ಕೈಗೆ ಬಂತು. ಜುಬ್ಬವನ್ನು ಹೊಸದಾಗಿ ಹೊಲಿಯುವುದೂ ಅವನ ತಲೆಗೇ ಬಿತ್ತು.

ಸಂಜೆ ದೇವರು ಅಂಗಡಿಗೆ ಮರಳಿದಾಗ ರಾಮಾಂಜನೇಯ ಕೈಮುಗಿದ. "ಇಷ್ಟೆಲ್ಲ ಸಹಿಸ್ಕಂಡೆ. ನಮ್ಮನೆಯವಳನ್ನ ಒಂದ್ಸಲ ನಗ್ಸು, ಸಾಕು."

"ಯಾರ ಮುಖ ಹಾಕ್ಕಂಡೋಗ್ಲಿ?"

"ಯಾರ್ದಾನಾ ಆಗ್ಲಿ ಬುಡು."

ಅಂಗಡಿ ಬಾಗಿಲು ಹಾಕಿ ಬೀದಿಯ ತಿರುವಿಗೆ ಬಂದಾಗ ಆ ನಗು ಕೇಳಿಸಿತು. ಮದುವೆಯಾದ ಹೊಸತಿನ ನಗುವೇ. ಅವನ ಕಣ್ಣು ತುಂಬಿ ಬಂತು. ಓಡಿಹೋಗಿ ಕಿಟಕಿಯಲ್ಲಿ ಇಣುಕಿದ. ಒಲೆಯ ಪಕ್ಕ ಕೂತು ಗಂಗಾಲಕ್ಷ್ಮಿಯನ್ನು ನಗಿಸುತ್ತಿದ್ದವನು ರಾಮಾಂಜನೇಯನೇ.

ಬಾಗಿಲು ಬಡಿದು, ನಾನು ಕಣೆ, ನಿನ್ ಗಂಡ ಎಂದ. ಎದುರುಮನೆಯ ಸಣ್ಣರಂಗಯ್ಯ ಹೊರಬಂದು, "ಲೇ ಲೋಕಿ, ಬೆಳಗ್ಗಿಂದ ಸಾಕಾಗ್ಲಿಲ್ವೇನ್ಲಾ" ಎಂದು ಬೆನ್ನು ತಟ್ಟಿದ. ಗಂಡಹೆಂಡಿರ ನಡುವಿನ ಒಂದೆರಡು ಗುಟ್ಟಿನ ಮಾತನ್ನೂ ರಾಮಾಂಜನೇಯ ಬಾಗಿಲಿನ ಸಂದಿಯಲ್ಲಿ ಹೇಳಿ ನೋಡಿದ. ಅವೆಲ್ಲ ಅವರೇ ನಿಂಗೆ ಹೇಳಿರ್ತಾರೆ ಎಂದು ಒಳಗಿನಿಂದ ಗಂಗಾಲಕ್ಷ್ಮಿಯ ಉತ್ತರ ಬಂತು.

ಕೊನೆಗೆ ಗಂಗಾಲಕ್ಷ್ಮಿ ಮುದ್ದೆ, ಸಾರಿನ ತಟ್ಟೆ ಹಿಡಿದು ಹೊರಗೆ ಬಂದಳು. ದೀಪದ ಬೆಳಕಿನಲ್ಲಿ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ವೇಷ ಚೆನ್ನಾಗೈತೆ ಲೋಕಣ್ಣ. ಆದ್ರೆ ಮುಖ ಮಾತ್ರ ಸರಿಯಾಗಿ ಬಂದಿಲ್ಲ. ನಮ್ ಯಜಮಾನ್ರು ಇಷ್ಟು ಸಪ್ಪಗಿರಲ್ಲ ಕಣಣ್ಣ."

ತಟ್ಟೆಯನ್ನು ಜಗಲಿಯ ಮೇಲಿಟ್ಟು ಅವಳು ನಗುತ್ತಲೇ ಒಳಗೆ ಹೋದಳು. ರಾಮಾಂಜನೇಯ ಆ ನಗುವನ್ನು ಕೇಳುತ್ತಾ ಮುದ್ದೆ ಮುರಿದ.